ನಮ್ಮತ್ತೆಯ ತೂಕದ ಪಂದ್ಯ

ಬಸುರಿಯಾಗಿದ್ದವಳು ನಾನು, ಪಂದ್ಯಕ್ಕೆ ಇಳಿದವರು ಮಾತ್ರ ನಮ್ಮತ್ತೆ! ಸೋಲು ಅನ್ನುವುದು ಅವರ ಜಾತಕದಲ್ಲೇ ಇಲ್ಲ. ಪಕ್ಕದ ಮನೆ ಹಸು ಒಂದು ಲೋಟ ಹಾಲು ಹೆಚ್ಚಿಗೆ ಕೊಟ್ಟರೆ, ನಮ್ಮ ಹಸುವಿನ ಜೊತೆ ಎರಡು ದಿನ ಮಾತು ಬಿಡುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಮೈಯಲ್ಲಿ ರಕ್ತ ಕಡಿಮೆಯಿತ್ತು. "ಹೀಗೇ ಬಿಟ್ರೆ ಹೆರಿಗೇಲಿ ತಾಯಿ ಜೀವಕ್ಕೇ ಅಪಾಯ" ಎಂದು ನರ್ಸಮ್ಮ ಎಚ್ಚರಿಸಿ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ನಮ್ಮತ್ತೆ ಅವನ್ನು ಕನಕಾಂಬರದ ಬುಡಕ್ಕೆ ಸುರಿದರು!

"ಕೂಸು ಕಪ್ಪಾಯ್ತದೆ ಕಣವ್ವ. ರಾಗಿ ಇಟ್ಟೂ ಕಮ್ಮಿ ಉಣ್ಣು, ಕೂಸು ದಪ್ಪಾದ್ರೆ ಎರಿಗೆ ಕಷ್ಟ."

ನಾನು ಸೊರಗಿದೆ, ಕನಕಾಂಬರ ಸೊಂಪಾಯಿತು.

ಅಷ್ಟರಲ್ಲಿ ಚಿಕ್ಕಯ್ಯನಛತ್ರದ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಬಸುರಿಯರ ಕೂಟ ಶುರುವಾಯಿತು. ಎಲ್ಲರೂ ಚಾಪೆ ಮೇಲೆ ಕೂತು ಏನು ತಿಂದೆವು, ಎಷ್ಟು ಮಲಗಿದೆವು ಎಂದು ಹೇಳಬೇಕು. ಆಮೇಲೆ ಎಲ್ಲರೆದುರೇ ತೂಕ. ನನ್ನದು ಹೋದ ತಿಂಗಳು ಇದ್ದಷ್ಟೇ ಇತ್ತು; ನಮ್ಮತ್ತೆಯ ವಾರಗಿತ್ತಿಯ ಸೊಸೆಯದು ಏರಿತ್ತು! ವಾರಗಿತ್ತಿ ಸೆರಗನ್ನು ಬಾಯಿಗಿಟ್ಟು, "ಯಾಕಕ್ಕಾ, ನಿಮ್ಮಟ್ಟೀಲಿ ಸೊಸೆಗೆ ಇಟ್ಟಿಕ್ಕಲ್ವಾ?" ಎಂದುಬಿಟ್ಟರು.

ಮುಗಿಯಿತು ಕಥೆ! ಅಂದಿನಿಂದ ನುಗ್ಗೆಸೊಪ್ಪಿನ ಪಲ್ಯ, ಹುರುಳಿಕಾಳಿನ ಸಾರು, ಕಡಲೆಕಾಯಿ, ಬೆಲ್ಲ, ಮೇಲೊಂದು ರಸಬಾಳೆ. ಗರಡಿಮನೆಯ ಪೈಲ್ವಾನನಿಗೂ ಇಂಥ ಉಪಚಾರ ಸಿಕ್ಕಿರಲಾರದು. ನರ್ಸಮ್ಮನಿಂದ ತಾವೇ ಮತ್ತೆ ಕೇಳಿ ತಂದ ಮಾತ್ರೆ ನುಂಗಿದ ಮೇಲೆ ಜಗಲಿಯಲ್ಲಿ ನಿಲ್ಲಿಸಿ, "ಬಾಯ್ ತಗಿ, ನಾಲ್ಗೆ ಎತ್ತು" ಎಂಬ ತನಿಖೆ ಬೇರೆ!

"ಅತ್ತೇ, ಕೂಸು ಕಪ್ಪಾದ್ರೆ?" ಎಂದು ಕಿಚಾಯಿಸಿದೆ.

"ನಮ್ ದ್ಯಾವ್ರು ನಂಜುಂಡಪ್ಪನೂ ಕರ್ರಗೇ ಅವ್ನೆ, ನುಂಗು!"

ಮುಂದಿನ ತಿಂಗಳು ನಾನು ತೂಕದ ಮಿಷನ್ ಹತ್ತಿದೆ. ಮುಳ್ಳು ಎಲ್ಲೆಲ್ಲೋ ಓಡಿತು. ನರ್ಸಮ್ಮ ಬಗ್ಗಿ ನೋಡಿ ಕೂಗಿದರು: "ಅಮ್ಮಾ, ನಿಮ್ಮ ಕಾಲು ತೆಗೀರಿ!" ಹಿಂದಿನಿಂದ ನಮ್ಮತ್ತೆಯ ಹೆಬ್ಬೆರಳು ಮಿಷನ್ ಮೇಲಿತ್ತು. ಕೂಟವೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಆದರೆ ಕಾಲು ತೆಗೆದರೂ ಮುಳ್ಳು ಹಳೆಯ ಜಾಗಕ್ಕೆ ಇಳಿಯಲಿಲ್ಲ. ಬೆರಳು ಚುಚ್ಚಿ ನೋಡಿದರೆ ರಕ್ತವೂ ಏರಿತ್ತು! ನಮ್ಮತ್ತೆ ವಾರಗಿತ್ತಿಯ ಕಡೆ ನೋಡಿದ ನೋಟವಿದೆಯಲ್ಲ, ರಾಜ್ಯ ಗೆದ್ದವರೂ ಹಾಗೆ ನೋಡಿರಲಿಕ್ಕಿಲ್ಲ.

ಹೆರಿಗೆ ನಂಜನಗೂಡಿನ ಆಸ್ಪತ್ರೆಯಲ್ಲಾಯಿತು. ಮಗುವನ್ನು ತೂಕಕ್ಕಿಟ್ಟು ಅಲ್ಲಿನ ನರ್ಸಮ್ಮ, "ಅತ್ತೆಮ್ಮಾ, ಬನ್ನಿ, ನೋಡಿ!" ಎಂದು ಕರೆದರು. ಬಾಗಿಲಲ್ಲಿ ವಾರಗಿತ್ತಿಯೂ ನಿಂತಿದ್ದರು. ಜಂಬಕ್ಕೆ ಇದಕ್ಕಿಂತ ಒಳ್ಳೆಯ ಗಳಿಗೆ ಉಂಟೇ? ನಮ್ಮತ್ತೆ ಆ ಕಡೆ ತಿರುಗಲೇ ಇಲ್ಲ. ನೇರ ನನ್ನ ಮಂಚಕ್ಕೆ ಬಂದು ಹಣೆಯ ಮೇಲೆ ಕೈಯಿಟ್ಟರು.

"ಅತ್ತೇ, ಕೂಸು ಎಷ್ಟು ತೂಗ್ತಂತೆ?"

"ತೂಕ ಯಾರ್ಗ್ ಬೇಕು ಬುಡು. ನೀನು ಉಳ್ಕಂಡ್ಯಲ್ಲ ನನ್ ಮಗ್ಳೇ, ನಾನ್ ಗೆದ್ದೆ."