ಬುತ್ತಿ ಮನೆತನದ ಇತಿಹಾಸ

ಪಾಟೀಲ, ಕುಲಕರ್ಣಿ, ದೇಸಾಯಿ ಎಂಬ ಅಡ್ಡಹೆಸರಿನವರನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಯುರಿ. ಅವರು ಹೆಸರು ಹೇಳುತ್ತಾರೆ, ಎದುರಿನವರು ತಲೆಯಾಡಿಸುತ್ತಾರೆ, ಮಾತು ಮಳೆ-ಬೆಳೆಯ ಕಡೆಗೆ ಹೊರಳುತ್ತದೆ. ನನ್ನ ಪಾಡು ಹಾಗಲ್ಲ. ‘ಶಿವಾನಂದ ಬುತ್ತಿ’ ಎಂದೊಡನೆ ಎದುರಿನವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ ಎಲ್ಲರೂ ಇದ್ದಾರೆ. ಒಂದು ಅಡುಗೆಮನೆಗೆ ಬೇಕಾದ ಸಾಮಾನೆಲ್ಲ ಅಡ್ಡಹೆಸರುಗಳಲ್ಲೇ ಸಿಗುತ್ತದೆ. ಆದರೆ ಆ ಸಾಮಾನಿನಿಂದ ಅಡುಗೆ ಮಾಡಿ, ಬಟ್ಟೆಯಲ್ಲಿ ಕಟ್ಟಿ, ಹೆಗಲಿಗೇರಿಸಿ ಹೊರಟವರು ನಾವೊಬ್ಬರೇ ಎಂದು ನಾನು ನಂಬಿದ್ದೆ. ಅಂತರ್ಜಾಲದಲ್ಲಿ ಅಡ್ಡಹೆಸರುಗಳ ಮೂಲ, ಅರ್ಥ, ಜನಪ್ರಿಯತೆ ಹೇಳುವ ತಾಣವೊಂದಿದೆ. ಅಲ್ಲಿ ಬುತ್ತಿ ಎಂದು ಹುಡುಕಿದರೆ ಮೂಲ ತಿಳಿಯದು, ಅರ್ಥ ತಿಳಿಯದು, ಜನಪ್ರಿಯತೆ ಇಲ್ಲ ಎಂದು ಬಂತು. ನನ್ನ ಬಗ್ಗೆ ನನ್ನ ಮಾವನವರ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ನಾನು ಮಾತ್ರ ‘ಅತ್ಯಂತ ಅಪರೂಪ’ ಎಂದು ಓದಿಕೊಂಡು ಬೀಗಿದೆ.

ನಾನು ಕೊಚ್ಚಿಯ ಒಂದು ಬ್ಯಾಂಕಿನಲ್ಲಿದ್ದೇನೆ, ಮನೆ ತ್ರಿಪ್ಪುಣಿತ್ತುರದಲ್ಲಿ. ಇಲ್ಲಿ ಯಾರ ಪರಿಚಯವಾದರೂ ಮನೆಯ ಹೆಸರು, ಅಂದರೆ ‘ವೀಟ್ಟುಪೇರ್’ ಏನೆಂದು ಕೇಳುವುದು ವಾಡಿಕೆ. ಒಬ್ಬೊಬ್ಬರ ವೀಟ್ಟುಪೇರಿನ ಹಿಂದೆಯೂ ಒಂದು ಹಳೆಯ ಮನೆ, ಕೊಳ, ಹಿತ್ತಲಲ್ಲಿ ಹಾವುಗಳಿಗಾಗಿಯೇ ಬಿಟ್ಟ ಬನ. ಇವರ ಮುಂದೆ ಬುತ್ತಿ ಅಂದರೆ ಕಟ್ಟಿಕೊಂಡು ಹೋಗುವ ಊಟ ಎನ್ನಲು ನಾಲಿಗೆ ಬರಲಿಲ್ಲ. ಅದೃಷ್ಟಕ್ಕೆ ಅಪ್ಪ ಹೇಳಿಕೊಟ್ಟ ಕಥೆಯೊಂದು ಕೈಯಲ್ಲಿತ್ತು. ಹಿಂದೆ ರಾಜರ ಸೈನ್ಯ ನಮ್ಮೂರ ಮೇಲೆ ಹಾದುಹೋದಾಗ ನಮ್ಮ ಹಿರಿಯರು ಇಡೀ ಸೈನ್ಯಕ್ಕೆ ಬುತ್ತಿ ಕಟ್ಟಿಕೊಟ್ಟರಂತೆ, ರಾಜರು ಮೆಚ್ಚಿ ಅದನ್ನೇ ಬಿರುದಾಗಿ ಕೊಟ್ಟರಂತೆ. ನಾನು ಅದಕ್ಕೆ ನನ್ನ ಕಡೆಯಿಂದ ಎರಡು ಆನೆ ಸೇರಿಸಿದೆ. ಕೇರಳದಲ್ಲಿ ಆನೆಯಿಲ್ಲದ ಇತಿಹಾಸಕ್ಕೆ ಕಿಮ್ಮತ್ತಿಲ್ಲ. ಜೊತೆಗೆ ಕೆಲಸ ಮಾಡುವ ಬಿಜು ಅಂದಿನಿಂದ ನನ್ನನ್ನು ಕೊಂಚ ಗೌರವದಿಂದಲೇ ಕಾಣತೊಡಗಿದ್ದ.

ಪೆಟ್ಟು ಬಿದ್ದದ್ದು ಮನೆಯೊಳಗೇ. ಮಗಳು ಸಹನಾ ಹತ್ತನೇ ತರಗತಿಗೆ ಬಂದಳು. ಆ ವರ್ಷ ಶಾಲೆಯಲ್ಲಿ ಬರೆಸಿದ ಹೆಸರೇ ಆಯುಷ್ಯಪೂರ್ತಿ ಗಟ್ಟಿ. ನಾವು ಕನ್ನಡದಲ್ಲಿ ಕೇಳಿದರೆ ಮಲಯಾಳದಲ್ಲಿ ಉತ್ತರ ಕೊಡುವ ಹುಡುಗಿ ಅವಳು. ಒಂದು ಸಂಜೆ ಚಹಾ ಕುಡಿಯುತ್ತಿದ್ದಾಗ, “ಬುತ್ತಿ ವೇಂಡ ಪಪ್ಪಾ” ಅಂದಳು. ನಾನು ಚಹಾದ ಜೊತೆಗಿನ ಪಳಂಪೊರಿ ಬೇಡವೇನೋ ಅಂದುಕೊಂಡು ಅವಳ ತಟ್ಟೆಯ ಬಾಳೆಹಣ್ಣಿನ ಬಜ್ಜಿಯನ್ನೂ ತಿಂದೆ. ಬೇಡವಾದದ್ದು ಅಡ್ಡಹೆಸರೆಂದು ಆಮೇಲೆ ತಿಳಿಯಿತು. ಗೆಳತಿಯರೆಲ್ಲ ಹೆಸರಿನ ಮುಂದೆ ಒಂದಕ್ಷರ ಹಾಕಿಕೊಳ್ಳುತ್ತಾರಂತೆ, ತಾನೂ ‘ಸಹನಾ ಎಸ್.’ ಆಗುತ್ತಾಳಂತೆ. ತಾನು ಶಾಲೆಯಲ್ಲಿ ಸೈನ್ಯದ ಕಥೆ ಹೇಳಿದಾಗ ಇತಿಹಾಸದ ಟೀಚರು ಯಾವ ರಾಜ, ಯಾವ ಯುದ್ಧ ಎಂದು ಕೇಳಿದರಂತೆ. ನಾನು ಬಹಳ ದೊಡ್ಡ ಯುದ್ಧ ಎಂದೆ.

ನಾನೊಬ್ಬನೇ ಮಗ, ಅವಳೊಬ್ಬಳೇ ಮಗಳು. ಅವಳು ಬಿಟ್ಟರೆ ಬುತ್ತಿ ಎಂಬ ಹೆಸರು ನನ್ನೊಂದಿಗೇ ಮಣ್ಣಾಗುತ್ತದೆ. ಅದರ ಜಾಗಕ್ಕೆ ಬರುವುದಾದರೂ ಏನು? ಹಿಂದಿಲ್ಲ ಮುಂದಿಲ್ಲದ ಒಂಟಿ ಎಸ್! ಅದಕ್ಕೊಂದು ಊರಿದೆಯೇ, ವಂಶವಿದೆಯೇ? ಹೆಂಡತಿ ಸುಧಾಳ ಮುಂದೆ ಹೀಗೆಲ್ಲ ಕೂಗಾಡಿದೆ. ಅವಳು ಏನೋ ಹೇಳಲು ಬಾಯಿ ತೆರೆದಳು. ವಂಶದ ಪ್ರಶ್ನೆಯಲ್ಲಿ ನಡುವೆ ಬಾಯಿ ಹಾಕಬೇಡ ಎಂದು ಗದರಿದೆ. ಅವಳು ಒಳಗೆ ಹೋಗಿ ಸೊಪ್ಪು ಬಿಡಿಸತೊಡಗಿದಳು.

ಅಷ್ಟರಲ್ಲಿ ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ‘ಎಂ. ಎಚ್. ಬುತ್ತಿ, ತಿರುವನಂತಪುರ’ ಎಂಬ ಹೆಸರು ಕಾಣಿಸಿತು. ದೇವರೇ ಬಂದಂತಾಯಿತು. ಫೋನು ಮಾಡಿದರೆ ಅಪ್ಪಟ ನಮ್ಮ ಗದಗ ಸೀಮೆಯ ಮಾತು. ಕೇಂದ್ರ ಸರಕಾರದ ಕಚೇರಿಯಲ್ಲಿದ್ದಾರಂತೆ, ನಿವೃತ್ತಿಗೆ ಹತ್ತಿರ, ಊರು ನಮ್ಮದೇ. ಅಪ್ಪನ ಹೆಸರು ಹೇಳಿದೊಡನೆ ಗುರುತು ಹಿಡಿದು, ಮನೆಗೇ ಬರ್ರಿ ಅಂದರು. ಎಂ. ಎಚ್. ಅಂದರೆ ಮಹಾದೇವಪ್ಪ ಹೊಳೆಬಸಪ್ಪ ಎಂದು ನಾನೇ ನಿಶ್ಚಯಿಸಿ, ನಮ್ಮ ವಂಶವೃಕ್ಷದಲ್ಲಿ ಅವರನ್ನೊಂದು ಕೊಂಬೆಯ ಮೇಲೆ ಕೂರಿಸಿಯೂ ಬಿಟ್ಟೆ. ರಜೆ ಹಾಕಿ, ಒಲ್ಲೆನೆಂದ ಮಗಳನ್ನು ಎಳೆದುಕೊಂಡು ರೈಲು ಹತ್ತಿದೆ. ಸೈನ್ಯದ ಕಥೆಯನ್ನು ಬೇರೊಬ್ಬ ಬುತ್ತಿಯ ಬಾಯಿಂದ ಕೇಳಿದ ಮೇಲೂ ಬೇಡವೆನಿಸಿದರೆ ಆಗ ಎಸ್ ಹಾಕಿಕೋ ಎಂದು ಕೊಟ್ಟಾಯಂ ದಾಟುವಾಗ ಅವಳಿಗೆ ಮಾತೂ ಕೊಟ್ಟೆ.

ಬಾಗಿಲು ತೆರೆದವರು ಮೌಲಾಸಾಬ ಹುಸೇನಸಾಬ ಬುತ್ತಿ. ನನ್ನ ವಂಶವೃಕ್ಷದ ಕೊಂಬೆ ಅಲ್ಲೇ ಲಟಕ್ಕನೆ ಮುರಿಯಿತು. ನಮ್ಮ ಕಡೆ ಅಡ್ಡಹೆಸರಿಗೆ ಜಾತಿಯಿಲ್ಲ. ಮಾಡಿದ ಕೆಲಸಕ್ಕೋ ಕೂತ ಜಾಗಕ್ಕೋ ತಕ್ಕಂತೆ ಊರು ಇಟ್ಟದ್ದೇ ಹೆಸರು. ಇದು ಗೊತ್ತಿದ್ದೂ ಮರೆತಿದ್ದೆ. ಅವರ ಹೆಂಡತಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿದರು. ಊಟದ ನಡುವೆ ನಾನು ಗಂಟಲು ಸರಿಪಡಿಸಿಕೊಂಡು ಸೈನ್ಯದ ಮಾತು ತೆಗೆದೆ. ಮೌಲಾಸಾಬರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಸೈನ್ಯ ಎಲ್ಲೀದ್ರಿ ಸರ? ನಮ್ಮೂರಿಗೆ ಬಸ್ಸಽ ಮೊನ್ನೆ ಮೊನ್ನೆ ಬಂತು” ಅಂದರು.

ಆಮೇಲೆ ನಡೆದದ್ದು ನಡೆದ ಹಾಗೆ ಹೇಳಿದರು. ಅವರ ಮುತ್ತಜ್ಜ, ನನ್ನ ಮುತ್ತಜ್ಜ ಜೀವದ ಗೆಳೆಯರು. ಸುಗ್ಗಿಯಲ್ಲಿ ಜೋಳ ಕೊಯ್ಯುವವರಿಗೆ ಬುತ್ತಿ ಒಯ್ಯುವ ಕೆಲಸ ಇಬ್ಬರದು. ಒಂದು ದಿನ ಹಳ್ಳದ ದಂಡೆಯ ಬೇವಿನ ಮರದ ಕೆಳಗೆ ದಣಿವಾರಿಸಿಕೊಳ್ಳಲು ಕೂತರು. ಪಲ್ಯ ಹಳಸಿದೆಯೋ ಏನೋ ನೋಡೋಣವೆಂದು ಒಬ್ಬ ಗಂಟು ಬಿಚ್ಚಿದ. ಒಬ್ಬನ ಮಾತು ನಂಬುವುದು ಹೇಗೆಂದು ಇನ್ನೊಬ್ಬನೂ ನೋಡಿದ. ಹಸಿದ ಆಳುಗಳು ಹುಡುಕಿಕೊಂಡು ಬಂದಾಗ ಬುತ್ತಿ ಖಾಲಿ, ಇಬ್ಬರೂ ಹೊಟ್ಟೆ ಮೇಲೆ ಮಾಡಿ ಗೊರಕೆ ಹೊಡೆಯುತ್ತಿದ್ದರು. ಅಂದಿನಿಂದ ಎರಡೂ ಮನೆಗೆ ಅದೇ ಹೆಸರು. ಹುಬ್ಬಳ್ಳಿಗೆ ಹೋಗಿ ನೆಲೆಸಿದ ನಮ್ಮಪ್ಪ, ಹೆಣ್ಣು ಕೊಡುವವರ ಮುಂದೆ ಮಾನ ಉಳಿಸಿಕೊಳ್ಳಲು ಆ ಆಳುಗಳನ್ನೇ ಸೈನ್ಯ ಮಾಡಿದ್ದರು.

ನಾನು ತಲೆ ತಗ್ಗಿಸಿ ಎಣ್ಣೆಗಾಯಿ ಕಲಸುತ್ತಿದ್ದೆ. ಪಕ್ಕದಿಂದ ಸದ್ದು ಬಂತು. ನೋಡಿದರೆ ಸಹನಾ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾಳೆ. “ಅಜ್ಜಾ, ಇನ್ನೊಮ್ಮೆ ಹೇಳ್ರಿ” ಎಂದು ಮೌಲಾಸಾಬರನ್ನು ಕೇಳಿದಳು. ಎಷ್ಟೋ ತಿಂಗಳ ಮೇಲೆ ಅವಳ ಬಾಯಿಂದ ಅಚ್ಚ ಕನ್ನಡ ಬಂದಿತ್ತು. ನನ್ನ ಆನೆಗಳಿಂದ ಆಗದ ಕೆಲಸವನ್ನು ಇಬ್ಬರು ಹೊಟ್ಟೆಬಾಕರು ಮಾಡಿದರು. ಮರಳುವಾಗ ರೈಲಿನಲ್ಲಿ, ಇಂಥ ಹೆಸರನ್ನು ಯಾರಾದರೂ ಬಿಡುತ್ತಾರೆಯೇ ಪಪ್ಪಾ ಎಂದು ನನ್ನನ್ನೇ ಕೇಳಿದಳು. ಮರುವಾರ ಶಾಲೆಯಲ್ಲಿ ‘ಸಹನಾ ಬುತ್ತಿ’ ಎಂದೇ ಬರೆಸಿದಳು.

ಗೆದ್ದ ಹುರುಪಿನಲ್ಲಿ ಬ್ಯಾಂಕಿನವರಿಗೆಲ್ಲ ಲಾಡು ಹಂಚಿ, ಉಳಿದದ್ದನ್ನು ಸುಧಾಳಿಗೆ ತಂದುಕೊಟ್ಟೆ. ಅವಳು ಲಾಡು ಕೈಯಲ್ಲೇ ಹಿಡಿದು ಕೇಳಿದಳು:

“ಆ ಎಸ್ ಅಂದ್ರ ಯಾರು ಅಂತ ತಿಳದಿದ್ರಿ?”

ಯಾರೂ ಅಲ್ಲ, ಬರೀ ಒಂದಕ್ಷರ ಎಂದೆ.

“ಇಲ್ಲೆ ಅಪ್ಪನ ಹೆಸರಿನ ಅಕ್ಷರ ಹಾಕ್ಕೋತಾರ್ರೀ. ಎಸ್ ಅಂದ್ರ ಶಿವಾನಂದ. ಯಾರ‍್ಯಾರೋ ಮುತ್ತಜ್ಜಗೋಳು ಬ್ಯಾಡ, ಪಪ್ಪಾ ಒಬ್ಬರಽ ಸಾಕು ಅಂದಿತ್ತು ಕೂಸು. ನಾ ಹೇಳಾಕ ಬಂದ್ರ ನೀವು ಕೇಳಲಿಲ್ಲ.”

ದಿನಬೆಳಗಾದರೆ ಬ್ಯಾಂಕಿನಲ್ಲಿ ಇಂಥ ಅಕ್ಷರಗಳನ್ನೇ ನೋಡುವವನು ನಾನು. ಒಂದೊಂದೂ ಒಬ್ಬೊಬ್ಬ ಅಪ್ಪನೆಂದು ಒಮ್ಮೆಯಾದರೂ ಹೊಳೆದಿರಲಿಲ್ಲ. ಆ ಸಂಜೆ ನನಗೆ ಬಹಳ ಸಂಕಟವಾಯಿತು. ಲಾಡು ತಿಂದೆನಾದರೂ ರುಚಿಸಲಿಲ್ಲ. ಈಗ ಮಗಳ ಹೆಸರಿನ ಪಕ್ಕದಲ್ಲಿ, ಜೀವಮಾನವಿಡೀ, ಆಳುಗಳ ಊಟ ತಿಂದು ಮಲಗಿದ ಮುತ್ತಜ್ಜ ಕಾಲು ಚಾಚಿ ಕೂತಿದ್ದಾನೆ. ಅವನಿಗಾಗಿ ಆ ಜಾಗದಿಂದ ನನ್ನನ್ನು ಎಬ್ಬಿಸಲು, ರಜೆ ಹಾಕಿ ತಿರುವನಂತಪುರದವರೆಗೆ ಹೋಗಿಬಂದವನು ನಾನೇ.