ನೀಲಿಮಾ ಕಣ

ಪುಣೆಯ ಡಿಸೆಂಬರ್ ಚಳಿಗೆ ಜಗ್ಗದವು ಎರಡೇ: ಡಾಕ್ಟರ್ ಮಾರ್ತಾಂಡನ ಆತ್ಮವಿಶ್ವಾಸ ಮತ್ತು ಅವನ ಪ್ರಯೋಗಾಲಯದ ಇನ್‌ಕ್ಯುಬೇಟರ್. ಜೀವಕೋಶಗಳನ್ನು ಬೆಳೆಸುವ ಆ ಪೆಟ್ಟಿಗೆಯೊಳಗೆ ವರ್ಷವಿಡೀ ಮೈಯ ಬಿಸಿಯಷ್ಟು ಬಿಸಿ. ಮನೆಯಲ್ಲಿ ಹೆಂಡತಿ ನೀಲಿಮಾ ಹಾಕಿದ ಹೆಪ್ಪು ಮಾತ್ರ ಹಾಲಿನ ಜೊತೆ ಮುನಿಸಿಕೊಂಡಂತೆ ಕೂತಿರುತ್ತಿತ್ತು. ಅದಕ್ಕೆ ಮಾರ್ತಾಂಡ ಚಳಿಗಾಲದಲ್ಲಿ ಹೆಪ್ಪು ಹಾಕಿದ ಹಾಲಿನ ಡಬ್ಬಿಯನ್ನು ಬೆಳಿಗ್ಗೆ ಲ್ಯಾಬಿಗೆ ಒಯ್ದು ಆ ಪೆಟ್ಟಿಗೆಯಲ್ಲಿಟ್ಟು, ಸಂಜೆ ಚಾಕುವಿನಿಂದ ಕೊಯ್ಯುವಂಥ ಮೊಸರು ತರುತ್ತಿದ್ದ. (ಆ ಪೆಟ್ಟಿಗೆಯನ್ನು ಅವನ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಕೆಳಗಿನ ಹಲಗೆ ಹೇಗೂ ಖಾಲಿ ಇತ್ತು.)

ಮೊಸರಿನ ಮೊದಲ ಚಳಿಗಾಲದಲ್ಲೇ ಅವನಿಂದ ಮಹಾಶೋಧವೂ ಆಯಿತು. ಕೋಶಗಳ ನಡುವೆ ಮುತ್ತಿನಂತೆ ಹೊಳೆಯುವ, ಒಂದರ ಮೈಯಿಂದ ಇನ್ನೊಂದು ಮೊಗ್ಗಿನಂತೆ ಮೂಡುವ ದುಂಡು ಕಣಗಳು! ಅದು ಮದುವೆಯ ವಾರ್ಷಿಕೋತ್ಸವದ ಸಮಯ. ನೀಲಿಮಾ ಪೈಠಣಿ ಸೀರೆಯ ಅಹವಾಲು ಸಲ್ಲಿಸಿದ್ದಳು. ಮಾರ್ತಾಂಡ ಆ ಕಣಗಳಿಗೆ ‘ನೀಲಿಮಾ ಕಣ’ ಎಂದು ನಾಮಕರಣ ಮಾಡಿ ಪ್ರಬಂಧ ಪ್ರಕಟಿಸಿಬಿಟ್ಟ.

“ಸೀರಿ ಹರೀತದ, ನೀಲಾ. ಇದು ಅಜರಾಮರ.”

ನೀಲಿಮಾ ಎರಡು ದಿನ ಮಾತು ಬಿಟ್ಟಳು. ಆಮೇಲೆ ಬೆಳಗಾವಿಯ ತವರಿಗೆಲ್ಲ ಫೋನ್ ಮಾಡಿ, ತನ್ನ ಹೆಸರು ಜಗತ್ತಿನ ಪಾಲಾದ ಸುದ್ದಿ ಹೇಳಿದಳು.

ಮಾರ್ತಾಂಡನ ಹಿಂದಿನ ಪ್ರಬಂಧಗಳನ್ನು ಉಲ್ಲೇಖಿಸಿದ ವಿಜ್ಞಾನಿ ಹೆಚ್ಚಾಗಿ ಮಾರ್ತಾಂಡನೇ ಆಗಿದ್ದ. ಇದನ್ನು ಮಾತ್ರ ಜಪಾನು, ಜರ್ಮನಿ, ಬ್ರೆಜಿಲ್‌ನವರೆಲ್ಲ ತಮ್ಮ ಬರಹಗಳಲ್ಲಿ ಹೆಸರಿಸತೊಡಗಿದರು. ಬೆಳಿಗ್ಗೆ ಹಲ್ಲುಜ್ಜುವ ಮೊದಲು ಉಲ್ಲೇಖಗಳ ಸಂಖ್ಯೆ ನೋಡಿ ಕೈ ಮುಗಿಯುವುದು ಅವನ ನಿತ್ಯಪೂಜೆಯಾಯಿತು. ಅದರ ಬಲದ ಮೇಲೇ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಿದ. ಸೋಮವಾರ ಸಂದರ್ಶನ. ಗೆಲುವು ಖಚಿತವಾದ್ದರಿಂದ ಸಂಭ್ರಮದ ಊಟ ಭಾನುವಾರವೇ.

ಊಟಕ್ಕೆ ಅತ್ತೆ ರಂಗೂಬಾಯಿ ಬೆಳಗಾವಿಯಿಂದ ಬಂದಿದ್ದರು. ತಿಂಗಳ ಹಿಂದಷ್ಟೇ ಅವನ ಕೈಕೆಳಗೆ ಸಂಶೋಧನೆಗೆ ಸೇರಿದ ಸಾಯಲಿಯೂ ಇದ್ದಳು.

“ಅಳಿಯಾರ, ಅಷ್ಟು ಮಂದಿ ಹೆಸರ ತಗೋತಾರಂತಲ್ಲ,” ಎಂದರು ರಂಗೂಬಾಯಿ. “ಹೊಗಳಿ ತಗೋತಾರೋ, ಬೈಕೋತ ತಗೋತಾರೋ?”

“ಅತ್ತಿ, ನಮ್ಮ ಲೈನಿನ್ಯಾಗ ಎಣಸೂದಷ್ಟ. ಕುಂತು ಓದಾಕ ಯಾರಿಗೆ ಪುರಸೊತ್ತದ?”

“ನನಗದ,” ಎಂದಳು ನೀಲಿಮಾ. “ನನ್ನ ಹೆಸರಿನ ಬಗ್ಗೆ ಏನ್ ಬರದಾರ, ನಾನೂ ಒಮ್ಮಿ ಕೇಳ್ತೀನಿ. ಸಾಯಲಿ, ಓದವಾ.”

ಸಾಯಲಿ ತುತ್ತು ನುಂಗಿದಳು. “ಸರ್, ರಾಹೂ ದ್ಯಾ ನಾ,” ಇರಲಿ ಬಿಡಿ ಎಂದಳು ಮರಾಠಿಯಲ್ಲಿ.

“ಯಾಕ ಇರಲಿ? ಓದು, ಓದು! ನಾಚಿಕೋಬ್ಯಾಡ,” ಎಂದ ಮಾರ್ತಾಂಡ, ಎದೆ ಮುಂದೆ ಮಾಡಿ.

ಸಾಯಲಿ ಮೊಬೈಲ್ ತೆರೆದು, ತಗ್ಗಿದ ದನಿಯಲ್ಲಿ ಒಂದೊಂದಾಗಿ ಮರಾಠಿಗೆ ತಿರುಗಿಸಿ ಹೇಳಿದಳು. ಜಪಾನಿನವರು: “ನೀಲಿಮಾ ಕಣ ಎಂಬುದು ಹೊಸ ಕಣವಲ್ಲ, ಹೊರಗಿನಿಂದ ಬಂದ ಯೀಸ್ಟ್.” ಜರ್ಮನಿಯವರು: “ನೀಲಿಮಾ ತಗುಲದಂತೆ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತೊಳೆಯಲಾಗಿದೆ.” ಬ್ರೆಜಿಲ್‌ನವರು: “ನೀಲಿಮಾ ಕಂಡುಬಂದ ಕೋಶಗಳ ತಟ್ಟೆಗಳನ್ನು ಕೂಡಲೇ ಎಸೆಯಲಾಯಿತು.”

ಸೌಟು ನೀಲಿಮಾಳ ಕೈಯಲ್ಲೇ ನಿಂತಿತು.

“ಯೀಸ್ಟ್ ಅಂದ್ರ ಏನವಾ?” ಎಂದರು ರಂಗೂಬಾಯಿ.

“ಹಿಟ್ಟು ಉಬ್ಬಿಸುತ್ತದಲ್ಲ ಆಜಿ, ಅದು. ಮನೆಯ ಮೊಸರಿನಲ್ಲೂ ಇರುತ್ತದೆ,” ಎಂದು ಸಾಯಲಿ ಮರಾಠಿಯಲ್ಲೇ ವಿವರಿಸಿದಳು. “ಆದರೆ ಲ್ಯಾಬಿನೊಳಗೆ ಮೊಸರು ಯಾರು ಒಯ್ಯುತ್ತಾರೆ, ಹೇಳಿ?”

ಮೂರು ಜೋಡಿ ಕಣ್ಣು ಮೊದಲು ಊಟದ ನಡುವೆ ಇದ್ದ ಮೊಸರಿನ ಡಬ್ಬಿಯನ್ನು, ಆಮೇಲೆ ಮಾರ್ತಾಂಡನನ್ನು ನೋಡಿದವು. ಡಬ್ಬಿಯೊಳಗಿನ ಮೊಸರು ಅಲುಗಾಡಲಿಲ್ಲ. ಅಷ್ಟು ಗಟ್ಟಿಯಾಗಿತ್ತು.

“ಏನ್ರಿ,” ಎಂದಳು ನೀಲಿಮಾ ಮೆಲ್ಲಗೆ. (ಈ ಮೆಲುದನಿಗೆ ಮಾರ್ತಾಂಡ ಹೆದರುವಷ್ಟು ಯಾವ ಆಯ್ಕೆ ಸಮಿತಿಗೂ ಹೆದರಿದವನಲ್ಲ.) “ಜಗತ್ತಿನ ತುಂಬ ನನ್ನನ್ನ ತೊಳದು ತೊಳದು ಚೆಲ್ಲಾಕತ್ತಾರಲ್ರಿ!”

“ನೀಲಾ, ವಿಜ್ಞಾನದಾಗ ತಪ್ಪೂ ಒಂದು ಕೊಡುಗಿ...”

“ಹಂಗಾರ ಆ ಕೊಡುಗಿ ನೀವ ಇಟ್ಕೋರಿ. ನನ್ನ ಹೆಸರ ತಗೀರಿ, ನಿಮ್ಮದು ಹಾಕ್ರಿ.”

ಸೋಮವಾರ ಮಾರ್ತಾಂಡ ಇಸ್ತ್ರಿ ಮಾಡಿಟ್ಟ ಕೋಟು ಹಾಕಿಕೊಂಡೇ ಹೋದ. ಸಂದರ್ಶನಕ್ಕಲ್ಲ, ಅರ್ಜಿ ವಾಪಸು ಪಡೆಯಲು. ಆಮೇಲೆ ತಿದ್ದುಪಡಿಯ ಪ್ರಕಟಣೆ ಬರೆದ. ನೀಲಿಮಾ ಪಕ್ಕದಲ್ಲಿ ಕೂತು ಬರೆಸಿದಳು ಎಂದರೆ ಹೆಚ್ಚು ಸರಿ. ಈಗ ಯಾವ ದೇಶದಲ್ಲೇ ಆಗಲಿ, ಕೋಶಗಳ ತಟ್ಟೆ ಯೀಸ್ಟ್ ಬಿದ್ದು ಕೆಟ್ಟರೆ, “ಮಾರ್ತಾಂಡ ಹೊಕ್ಕಿದೆ, ಎಸೆಯಿರಿ” ಎನ್ನುತ್ತಾರಂತೆ. ಉಲ್ಲೇಖಗಳು ಮೊದಲಿಗಿಂತ ಜೋರಾಗಿ ಏರುತ್ತಿವೆ. ಮಾರ್ತಾಂಡ ಇಂದಿಗೂ ಹಲ್ಲುಜ್ಜುವ ಮೊದಲು ಸಂಖ್ಯೆ ನೋಡುತ್ತಾನೆ. ಕೈ ಮಾತ್ರ ಮುಗಿಯುವುದಿಲ್ಲ.

ಪೈಠಣಿಯೂ ಬಂತು. ನೀಲಿಮಾ ಸೆರಗು ಹೊದ್ದು ಕನ್ನಡಿಯ ಮುಂದೆ ನಿಂತು ಹೇಳಿದಳು:

“ನೀವು ಹೇಳಿದ್ದು ಖರೆ ನೋಡ್ರಿ. ಸೀರಿ ಒಂದಿನ ಹರೀತದ. ಆದ್ರ ಹರಿಯೂತನಾ ನನ್ನ ಹೆಸರ ಕೆಡಸದ ಸುಮ್ನಿರ್ತದ.”