ಆರು ನಿಮಿಷದ ಎಂಜಲು

ನನ್ನ ಎಂಜಲಿನ ಬಗ್ಗೆ ನನಗೆ ಬಹಳ ಅಭಿಮಾನವಿತ್ತು ಎಂದರೆ ನೀವು ಮೂಗು ಮುರಿಯಬಹುದು. ಮುರಿಯಿರಿ, ನನ್ನ ಹೆಂಡತಿ ವೀಣಾ ಮದುವೆಯಾದ ಲಾಗಾಯ್ತು ಮುರಿಯುತ್ತಲೇ ಇದ್ದಾಳೆ. ಆದರೆ ಮನುಷ್ಯನಿಗೆ ಏನಾದರೊಂದರ ಮೇಲೆ ಹೆಮ್ಮೆ ಬೇಕಲ್ಲ! ಕೆಲವರಿಗೆ ಕಂಠದ ಮೇಲೆ, ಕೆಲವರಿಗೆ ಮೀಸೆಯ ಮೇಲೆ, ನನಗೆ ಇದರ ಮೇಲೆ. ಹೊಸನಗರದ ಒಂದು ಪುಟ್ಟ ಕಾಲೇಜಿನಲ್ಲಿ ನಾನು ಜೀವರಸಾಯನಶಾಸ್ತ್ರದ ಮೇಷ್ಟ್ರು. ವಿಭಾಗ ಎಂದರೆ ನಾನು, ಅಟೆಂಡರ್ ಮಂಜಪ್ಪ, ಕೊನೆಯ ವರ್ಷದಲ್ಲಿ ಎಂಟು ವಿದ್ಯಾರ್ಥಿಗಳು, ಮತ್ತೆ ಒಂದು ಕಾಲು ಅಲ್ಲಾಡುವ ಸ್ಟೂಲು. ಮಕ್ಕಳನ್ನು ಸೇರಿಸಲು ಬರುವ ಅಪ್ಪಂದಿರು, "ಇದನ್ನ ಓದಿದ್ರೆ ಮೆಡಿಕಲ್ ಶಾಪ್ ಇಡ್ಬಹುದಾ ಸರ್?" ಎಂದು ಕೇಳುತ್ತಾರೆ. ಬೇರೆ ಯಾರಾದರೂ ಇಟ್ಟರೆ ಅಲ್ಲಿಗೆ ಹೋಗಿ ಮಾತ್ರೆ ಕೊಳ್ಳುವಾಗ ಅದು ಏನು ಮಾಡುತ್ತದೆಂದು ತಿಳಿದಿರುತ್ತದೆ ಎನ್ನುತ್ತೇನೆ. ಅವರು ಕಾಮರ್ಸ್ ವಿಭಾಗದ ಕಡೆಗೆ ನಡೆಯುತ್ತಾರೆ.

ಎಂಜಲಿನ ವಿಷಯಕ್ಕೆ ಬರುತ್ತೇನೆ. ನಮ್ಮ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಪ್ರಯೋಗ ಉಂಟು. ಗಂಜಿಯಂಥ ಪಿಷ್ಟದ ನೀರಿಗೆ ಎಂಜಲು ಸೇರಿಸಿ, ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು ಅಯೋಡಿನ್ನಿಗೆ ಮುಟ್ಟಿಸಬೇಕು. ಪಿಷ್ಟ ಇರುವಷ್ಟು ಹೊತ್ತು ಹನಿ ನೀಲಿಯಾಗುತ್ತದೆ. ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನೆಲ್ಲ ಮುರಿದ ಮೇಲೆ ನೀಲಿ ಬರುವುದಿಲ್ಲ. ಆ ನಿಮಿಷ ಯಾವುದೆಂದು ಬರೆದರೆ ಅಂಕ. ಪರೀಕ್ಷೆಯಲ್ಲಿ ಎಲ್ಲರಿಗೂ ಒಂದೇ ದ್ರಾವಣ ಕೊಡಬೇಕು. ಕಾಲೇಜು ತರಿಸಿದ್ದ ಕಿಣ್ವದ ಪುಡಿ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೆಲ್ಲದುಂಡೆಯಾಗಿ ಸತ್ತುಹೋಗಿತ್ತು. ಮಂಜಪ್ಪನ ಬಾಯಿ ಹೊಗೆಸೊಪ್ಪಿಗೆ ಕಾಯಂ ಬಿಟ್ಟುಕೊಟ್ಟದ್ದು. ಉಳಿದದ್ದು ನನ್ನದು. ಹೀಗಾಗಿ ಪ್ರತಿವರ್ಷ ಪರೀಕ್ಷೆಯ ಬೆಳಿಗ್ಗೆ, ದಿನದ ಮೊದಲ ಕವಳ (ಎಲೆಯಡಿಕೆಗೆ ನಮ್ಮ ಕಡೆ ಹಾಗೆನ್ನುತ್ತಾರೆ) ಹಾಕುವ ಮುಂಚೆಯೇ ಬಾಯಿ ಮುಕ್ಕಳಿಸಿ, ಬೀಕರಿನೊಳಗೆ ನನ್ನ ಕೊಡುಗೆ ಸಲ್ಲಿಸಿ, ಇಪ್ಪತ್ತು ಪಾಲು ನೀರು ಬೆರೆಸಿ, ಸೋಸಿ, 'ಕಿಣ್ವ ದ್ರಾವಣ' ಎಂದು ಚೀಟಿ ಅಂಟಿಸುತ್ತಿದ್ದೆ. ಒಬ್ಬರು ಕಚ್ಚಿ ಕುಡಿದ ಲೋಟವನ್ನು ಇನ್ನೊಬ್ಬರು ಮುಟ್ಟದ ಊರಿನಲ್ಲಿ ನಾನು ವರ್ಷಾವರ್ಷ ಮಕ್ಕಳಿಗೆ ಎಂಜಲು ಹಂಚುತ್ತಿದ್ದೆ. ಎಲ್ಲ ವರ್ಷವೂ ಸರಿಯಾಗಿ ಆರು ನಿಮಿಷ! "ಆರು ನಿಮಿಷ, ಬರ್ಕೊಳ್ರೋ" ಎಂದು ತರಗತಿಯಲ್ಲೂ ಹೇಳಿಬಿಟ್ಟಿದ್ದೆ.

ಈ ವರ್ಷ ಒಂದು ತೊಡಕಿತ್ತು. ಸಾಗರದ ಹಲ್ಲಿನ ಡಾಕ್ಟರು ನನ್ನ ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ನೋಡಿ, "ಕವಳ ಇವತ್ತಿಂದ ಬಂದ್" ಎಂದುಬಿಟ್ಟಿದ್ದರು. ನನಗಷ್ಟೇ ಹೇಳಿದ್ದರೆ ನಡೆಯುತ್ತಿತ್ತು, ವೀಣಾಳ ಎದುರಿಗೆ ಹೇಳಿದರು. ಮನೆಯ ಮೆಟ್ಟಿಲು ಹತ್ತುವಾಗ "ನಂಗೆ ಹೆದ್ರಿಕೆ ಆಗ್ತದೆ" ಎಂದಳು, ಅಷ್ಟೆ. ನನಗೂ ಹೆದರಿಕೆಯಾಯಿತು. ಬಿಟ್ಟೆ. ಬಿಟ್ಟ ಮೇಲೆ ಐದು ತಿಂಗಳು ನಾನು ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ. ಡ್ರಾಯರ್ ತೆಗೆಯುವುದು, ಮುಚ್ಚುವುದು, ಕಿಟಕಿಗೆ ಹೋಗಿ ಬಸ್‌ಸ್ಟ್ಯಾಂಡ್ ನೋಡುವುದು, ಲವಂಗ ಕಚ್ಚುವುದು, ಮತ್ತೆ ಡ್ರಾಯರ್ ತೆಗೆಯುವುದು. ಪಾಠ ಮಾಡುತ್ತ ಬೆಂಚುಗಳ ನಡುವೆ ಸುತ್ತುವ ನನ್ನನ್ನು ನೋಡಿ ಹುಡುಗರು "ಸರ್ ಗಸ್ತು ಶುರು" ಎನ್ನುತ್ತಿದ್ದರಂತೆ.

ಪರೀಕ್ಷೆಯ ದಿನ ಒಂಬತ್ತಕ್ಕೇ ದ್ರಾವಣ ತಯಾರಿತ್ತು, ಎಕ್ಸ್‌ಟರ್ನಲ್ ಪರೀಕ್ಷಕರು ಮಾತ್ರ ಇರಲಿಲ್ಲ. ಹತ್ತಾಯಿತು, ಹನ್ನೊಂದಾಯಿತು. ನಾನು ಗೇಟಿಗೂ ಲ್ಯಾಬಿಗೂ ಅಲೆದು ಕಾಲು ಸವೆಸಿದೆ. ಕೊನೆಗೆ ಫೋನು ಬಂತು. ಶಿವಮೊಗ್ಗದಿಂದ ರೈಲು ಹತ್ತಿದ್ದ ಪುಣ್ಯಾತ್ಮರು ಸಾಗರದಲ್ಲಿ ಇಳಿಯುವುದು ಬಿಟ್ಟು ನಿದ್ದೆ ಹೊಡೆದು ತಾಳಗುಪ್ಪಕ್ಕೇ ಹೋಗಿದ್ದರು. "ಮುಂದೆ ಹಳಿ ಇಲ್ಲ ಅಂತ ಎಬ್ಬಿಸಿದ್ರು ಮಾರಾಯ್ರೆ" ಎಂದರು. ಪರೀಕ್ಷೆ ಮಧ್ಯಾಹ್ನಕ್ಕೆ ಹೋಯಿತು. ಅವರು ಬಂದಿಳಿದದ್ದೇ ಊಟದ ಹೊತ್ತಿಗೆ. ಊಟವಾದ ಮೇಲೆ ಅತಿಥಿಗೆ ಕವಳದ ತಟ್ಟೆ ಇಡದಿದ್ದರೆ ನಮ್ಮ ಕಡೆ ಊಟ ಹಾಕಿದ ಲೆಕ್ಕವೇ ಅಲ್ಲ. ಪ್ರಿನ್ಸಿಪಾಲರು ಇಡಿಸಿದರು. ಪರೀಕ್ಷಕರು ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆಯಿಟ್ಟು ಮಡಿಸಿ, ನನ್ನ ಕಡೆ ಚಾಚಿದರು. "ಬಿಟ್ಟಿದ್ದೇನೆ" ಎಂದೆ. "ಅಯ್ಯೋ, ನಾನೊಬ್ನೇ ಹೇಗೆ ಹಾಕೋದು? ಒಂದೇ ಒಂದು ತಗೊಳ್ಳಿ." ಚಾಚಿದ ಕೈ ಹಾಗೇ ಇತ್ತು. ಮರ್ಯಾದೆಗಾಗಿ ತೆಗೆದುಕೊಂಡೆ ಎಂದು ಬರೆಯಬೇಕೆಂದಿದ್ದೆ. ಬೇಡ, ಆಸೆಗಾಗಿ ತೆಗೆದುಕೊಂಡೆ. ಐದು ತಿಂಗಳ ನಂತರ ಮೊದಲ ಬಾರಿ ನಾನು ಹತ್ತು ನಿಮಿಷ ಒಂದೇ ಕುರ್ಚಿಯಲ್ಲಿ ಕೂತಿದ್ದೆ.

ಲ್ಯಾಬಿಗೆ ಬಂದರೆ ದ್ರಾವಣದ ಬೀಕರು ಖಾಲಿಯಾಗಿ ಫಳಫಳ ಹೊಳೆಯುತ್ತಿತ್ತು. "ದೊಡ್ಡೋರು ಬರ್ತಾರಲ್ಲ ಸರ್, ಎಲ್ಲ ತೊಳ್ದಿಟ್ಟೆ" ಎಂದ ಮಂಜಪ್ಪ. ಬಯ್ಯಲು ಸಮಯವಿರಲಿಲ್ಲ. ಐದು ಸಲ ಬಾಯಿ ಮುಕ್ಕಳಿಸಿ ಹೊಸ ದ್ರಾವಣ ಮಾಡಿದೆ. ಸೋಸಿದ ಮೇಲೂ ತುಸು ಚಹಾ ಬಣ್ಣ ಉಳಿದಿತ್ತು. ಸೋಸುವ ಕಾಗದ ಹಳೆಯದು ಎಂದು ನನಗೆ ನಾನೇ ಹೇಳಿಕೊಂಡೆ.

ಆರು ನಿಮಿಷವಾಯಿತು. ನೀಲಿ. ಹತ್ತು ನಿಮಿಷ, ನೀಲಿ. ಇಪ್ಪತ್ತು ನಿಮಿಷವಾದರೂ ಎಂಟೂ ಜನರ ಬಿಳಿ ಪಿಂಗಾಣಿ ಹಲಗೆಯ ಮೇಲೆ ಸಾಲು ಸಾಲು ನೀಲಿ ಚುಕ್ಕೆ. ಎಲೆಗೆ ಹಚ್ಚಿದ್ದ ಸುಣ್ಣ, ಅಡಿಕೆಯ ಒಗರು ಎರಡೂ ಸೇರಿ ಕಿಣ್ವದ ಕತ್ತು ಹಿಸುಕಿದ್ದವು. ಇದನ್ನು ನಾನೇ ಪಾಠ ಮಾಡುತ್ತೇನೆ! ನನ್ನ ಗಸ್ತು ಮತ್ತೆ ಶುರುವಾಯಿತು. ಏಳು ಜನ ಹುಡುಗರು ಪರಸ್ಪರ ಮುಖ ನೋಡಿಕೊಂಡು, ಹಲಗೆ ತೊಳೆದು, ಹಾಳೆಯಲ್ಲಿ ಸೊಗಸಾಗಿ 'ಆರು ನಿಮಿಷ' ಎಂದು ಬರೆದು ಕೊಟ್ಟರು. ಎಂಟನೆಯವಳು ಪ್ರತೀಕ್ಷಾ. ಹುಂಚದಿಂದ ಬಸ್ಸಿನಲ್ಲಿ ಬರುವ ಹುಡುಗಿ, ಹೇಳಿದ್ದಕ್ಕೆಲ್ಲ "ಯಾಕೆ ಸರ್?" ಎಂದು ಕೇಳಿ ಸುಸ್ತು ಮಾಡುವವಳು. ಹಲಗೆ ತೊಳೆಯದೆ ಹಾಗೇ ಇಟ್ಟು ಹೀಗೆ ಬರೆದಿದ್ದಳು: 'ಮೂವತ್ತು ನಿಮಿಷವಾದರೂ ನೀಲಿ ಹೋಗಿಲ್ಲ. ಕೊಟ್ಟ ದ್ರಾವಣದಲ್ಲಿ ಕಿಣ್ವ ಕೆಲಸ ಮಾಡುತ್ತಿಲ್ಲ. ದ್ರಾವಣಕ್ಕೆ ಕಂದು ಛಾಯೆ ಇದೆ.'

ಪರೀಕ್ಷಕರು ಹಾಳೆ ತಿರುವಿದರು. "ಏಳು ಜನಕ್ಕೆ ಬಂದದ್ದು ನಿಂಗೆ ಯಾಕೆ ಬರ್ಲಿಲ್ಲಮ್ಮ? ರಿಸಲ್ಟ್ ಇಲ್ಲ ಅಂದ್ರೆ ಮಾರ್ಕ್ಸ್ ಎಲ್ಲಿಂದ ಹಾಕ್ಲಿ?" ಅವಳು ಎಂ.ಎಸ್ಸಿ. ಸೀಟಿಗೆ ಎಷ್ಟು ಆಸೆಪಟ್ಟಿದ್ದಳೆಂದು ನನಗೆ ಗೊತ್ತಿತ್ತು. ಈ ಅಂಕ ಹೋದರೆ ಆ ಸೀಟೂ ಹೋದಂತೆಯೇ. "ಬಂದದ್ದನ್ನೇ ಬರ್ದಿದೀನಿ ಸರ್" ಎಂದಳು. ಕಣ್ಣು ತುಂಬಿತ್ತು. ಪರೀಕ್ಷಕರ ಕೆಂಪು ಪೆನ್ನು ಹಾಳೆಯ ಮೇಲೆ ಇಳಿಯುತ್ತಿತ್ತು. ನಾನು ಕಿಟಕಿಗೆ ಹೋದೆ, ಬಂದೆ, ಸ್ಟೂಲಿನ ಮೇಲೆ ಕೂತೆ, ಎದ್ದೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಚಿಕೆಯಾಯಿತು.

"ಸರ್, ಅವಳು ಬರೆದದ್ದೇ ಸರಿ. ಆ ದ್ರಾವಣ ನನ್ನ ಎಂಜಲು. ನೀವು ಕೊಟ್ಟ ಕವಳ ಅದರಲ್ಲಿದೆ" ಎಂದೆ.

ಪರೀಕ್ಷಕರು ಕೆಂಪು ತುಟಿಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡು ಮೆಲ್ಲಗೆ, "ಹಾಗಾದ್ರೆ ನನ್ನ ಎಂಜಲೂ ಆಗಲ್ಲ" ಎಂದರು. ಒಳ್ಳೆಯ ಮನುಷ್ಯ. ಪ್ರತೀಕ್ಷಾಳದೇ ಎಂಜಲಿನಲ್ಲಿ ಅವಳಿಂದಲೇ ಪ್ರಯೋಗ ಮತ್ತೆ ಮಾಡಿಸಿದರು. ನಾಲ್ಕು ನಿಮಿಷಕ್ಕೆ ನೀಲಿ ಮಾಯ! ನಾನು ಇಷ್ಟು ವರ್ಷ ವಿಜ್ಞಾನವೆಂದು ಬರೆಸಿದ ಆರು ನಿಮಿಷ ಬರೀ ನನ್ನ ಬಾಯಿಯ ಅಂಕಿಯಾಗಿತ್ತು. ಅವಳಿಗೆ ಪೂರ್ತಿ ಅಂಕ ಬಂತು. ಉಳಿದ ಏಳು ಜನ ಪ್ರಯೋಗವನ್ನು ಮೊದಲಿನಿಂದ ಮಾಡಿ ಬಂದದ್ದನ್ನೇ ಬರೆಯುವ ಹೊತ್ತಿಗೆ ಸಂಜೆಯ ಬಸ್ಸು ಹೋಗಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸತ್ಯವಂತನೆಂದು ಎದೆಯುಬ್ಬಿಸಿ ಓಡಾಡಬಹುದಿತ್ತು. ಮರುವಾರ ಪ್ರತೀಕ್ಷಾ ರೆಕಾರ್ಡ್ ಪುಸ್ತಕಕ್ಕೆ ಸಹಿ ಹಾಕಿಸಲು ಮನೆಗೆ ಬಂದಾಗ ನಾನು ಪೇಟೆಗೆ ಹೋಗಿದ್ದೆ. ಕೃತಜ್ಞತೆ ಉಕ್ಕಿ ಅವಳು ವೀಣಾಳಿಗೆ ಎಲ್ಲವನ್ನೂ ಹೇಳಿದ್ದಳು, "ಮನೇಲೂ ಮಾಡ್ಬಹುದು ಆಂಟಿ" ಎಂದು ವಿಧಾನವನ್ನೂ ಕಲಿಸಿದ್ದಳು. ಅಂದಿನಿಂದ ದಿನಾ ಸಂಜೆ ಅಡುಗೆಮನೆ ಕಟ್ಟೆಯ ಮೇಲೆ ಒಂದು ಬಟ್ಟಲು ಗಂಜಿತಿಳಿ, ಗಾಯಕ್ಕೆ ಹಚ್ಚುವ ಅಯೋಡಿನ್ ಬಾಟಲಿ, ಗೋಡೆ ಗಡಿಯಾರ. ನಾನು ಉಗುಳಬೇಕು, ಅವಳು ಕಾಯಬೇಕು, ಆಮೇಲೆ ಒಂದು ಹನಿ ಬಿಡಬೇಕು. ನೀಲಿ ಬಂದರೆ ನಾನು ಕವಳ ಹಾಕಿದ್ದೇನೆಂದು ಲೆಕ್ಕ. ನನ್ನ ವಿಷಯವನ್ನು ಇಷ್ಟು ಶ್ರದ್ಧೆಯಿಂದ ಕಲಿತ ವಿದ್ಯಾರ್ಥಿ ನನಗೆ ಇದುವರೆಗೆ ಸಿಕ್ಕಿರಲಿಲ್ಲ.

ಮೊನ್ನೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಅಲ್ಲಿಯೂ ತಟ್ಟೆ ಬಂತು, ಅಲ್ಲಿಯೂ ಯಾರದೋ ಕೈ ಚಾಚಿತು. ಸಂಜೆ ಬಟ್ಟಲಿನ ಮುಂದೆ ನಿಲ್ಲಲಾಗದೆ ನಾನು ಅಡುಗೆಮನೆಯಲ್ಲಿ ಗಸ್ತು ಹೊಡೆಯುತ್ತಿದ್ದೆ. ವೀಣಾ ಹನಿ ಬಿಟ್ಟಳು. "ಎಂತ ಬಂತು?" ಎಂದಳು.

ಬಟ್ಟಲಿನ ಕಡೆ ತಿರುಗಿಯೂ ನೋಡದೆ, "ಆರು ನಿಮಿಷ" ಎಂದೆ.

"ನೋಡಿ ಬರೀರಿ ಮೇಷ್ಟ್ರೆ" ಎಂದು ಅವಳು ಬಟ್ಟಲನ್ನು ನನ್ನ ಮೂಗಿನ ಕೆಳಗೆ ಹಿಡಿದಳು. ಕಡುನೀಲಿ.